ಕೆಂಪು ಗೆರೆಯ ಹುಡುಗ

ನಿನ್ನೆಯ ಟ್ಯೂಷನ್‌ನಲ್ಲಿಯೂ ರೇಖಾಗಣಿತದ ಥೇಲ್ಸನ ಪ್ರಮೇಯ ಮುಗಿಯಲಿಲ್ಲ. ಮೊನ್ನೆಯೂ ಮುಗಿದಿರಲಿಲ್ಲ.

ನಮ್ಮ ನಡುಮನೆಯ ಚಾಪೆಯ ಮೇಲೆ ಸಂಜೆ 5.30ರಿಂದ 7ರವರೆಗೆ ನಾಲ್ಕು ಮಕ್ಕಳು ಕೂರುತ್ತಾರೆ. ಆ 90 ನಿಮಿಷಗಳನ್ನು ನಾನು ತಿಂಗಳ ಸಂಬಳದಂತೆ ಹಂಚಿಟ್ಟಿದ್ದೇನೆ: ಹೋಂವರ್ಕ್ ನೋಡಲು 10, ಹೊಸ ಪಾಠಕ್ಕೆ 40, ಲೆಕ್ಕ ಮಾಡಿಸಲು 30, ಅನುಮಾನಗಳಿಗೆ 10. ಸಂಬಳದಂತೆಯೇ ಅದೂ ಎಲ್ಲಿ ಕರಗಿತೆಂದು ತಿಳಿಯುವುದಿಲ್ಲ. ನೀರು ಕುಡಿಯುವುದು, ಕರೆಂಟು ಹೋಗುವುದು, ಏಳನೇ ತರಗತಿಯವಳ ರಬ್ಬರು ಸೋಫಾದಡಿ ಸೇರುವುದು, ಇವೆಲ್ಲ ನನ್ನ ಜಮಾಖರ್ಚಿನಲ್ಲಿವೆ. ಲೆಕ್ಕಕ್ಕೆ ಸಿಗದಿರುವುದು ಹತ್ತನೇ ತರಗತಿಯ ಒಬ್ಬ ಹುಡುಗನ ಮಾರ್ಜಿನ್.

ಅವನು ಹೊಸ ಪುಟವನ್ನು ಅಂಗೈಯಿಂದ ಸವರಿ, ಅಲ್ಲಿಲ್ಲದ ಧೂಳನ್ನು ಊದಿ, ಸ್ಕೇಲನ್ನು ಅಂಗಿಯ ತುದಿಯಲ್ಲಿ ಒರೆಸಿ, ಮೇಲೊಂದು ಕೆಳಗೊಂದು ಚುಕ್ಕಿಯಿಟ್ಟು, ಉಸಿರು ಬಿಗಿಹಿಡಿದು ಕೆಂಪು ಗೆರೆ ಎಳೆಯುತ್ತಾನೆ. ಅದರ ಪಕ್ಕದಲ್ಲೇ ಇನ್ನೊಂದು, ಏಕೆಂದರೆ ಒಂಟಿ ಗೆರೆ ಅವನ ದೃಷ್ಟಿಯಲ್ಲಿ ಅಪೂರ್ಣ. ಆಮೇಲೆ ತಲೆಯೆತ್ತಿ, "ಮಿಸ್, ಹೆಡ್ಡಿಂಗ್ ಕೆಂಪಿನಲ್ಲಾ, ಕಪ್ಪಿನಲ್ಲಾ?" ಎಂದು ಕೇಳುತ್ತಾನೆ. "ಯಾವುದಾದರೂ ಬರಿಯಪ್ಪಾ" ಎನ್ನುತ್ತೇನೆ. "ಯಾವುದಾದರೂ" ಎಂಬ ಬಣ್ಣದ ಪೆನ್ನು ಅವನ ಬಳಿ ಇಲ್ಲವಾದ್ದರಿಂದ ಪೆನ್ನು ಹಿಡಿದು ಕಾಯುತ್ತಾನೆ. ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ಪ್ರಮೇಯದ ನಾಲ್ಕೂ ಶೀರ್ಷಿಕೆಗಳಿಗೆ ಪೆನ್ನು ಬದಲಾಗಬೇಕು, ಅಡಿಗೆರೆ ಬೀಳಬೇಕು, ಪ್ರತಿ ಸಲ ಮುಚ್ಚಳ ಟಪ್ಪೆಂದು ಹಾಕಬೇಕು. ನಿನ್ನೆ ಗಡಿಯಾರ ನೋಡಿಕೊಂಡೇ ಕುಳಿತಿದ್ದೆ. ಗೆರೆಗಳಿಗೇ 22 ನಿಮಿಷ ಹೋಗಿತ್ತು. ರಚನೆ ಮುಗಿದು ಸಾಧನೆ ಎಂದು ಬರೆಯುವಷ್ಟರಲ್ಲಿ ಗೇಟಿನ ಬಳಿ ಅವನ ತಾಯಿಯ ಸ್ಕೂಟರ್ ಹಾರ್ನ್ ಕೇಳಿಸಿತು. ಆಕೆ ಪುಸ್ತಕ ತೆರೆದು, "ಎಷ್ಟು ನೀಟಾಗಿ ಬರೆಸಿದ್ದೀರಿ ಮಿಸ್!" ಎಂದು ಸಂತೋಷಪಟ್ಟು ಹೊರಟರು.

ಇಂದು ಅವನನ್ನು ಕೂರಿಸಿಕೊಂಡು ಲೆಕ್ಕ ಹೇಳಿದೆ. ಎಸ್ಸೆಸ್ಸೆಲ್ಸಿ ಗಣಿತ 80 ಅಂಕದ ಪತ್ರಿಕೆ. ಪ್ರಶ್ನೆ ಓದುವ 15 ನಿಮಿಷ ಬಿಟ್ಟರೆ ಬರೆಯಲು ಸಿಗುವುದು 180 ನಿಮಿಷ, ಅಂದರೆ ಅಂಕಕ್ಕೆ ಎರಡೂಕಾಲು ನಿಮಿಷ. ನಿನ್ನ ಗೆರೆಗಳು ಹತ್ತಿರಹತ್ತಿರ 10 ಅಂಕ ನುಂಗುತ್ತವೆ ಎಂದೆ. ದನಿ ಸ್ವಲ್ಪ ಏರಿಯೇ ಇತ್ತು. ಅವನು ಮಾತನಾಡದೆ ಶಾಲೆಯ ಗಣಿತದ ಪುಸ್ತಕ ತೆಗೆದು ಮುಂದಿಟ್ಟ. ಪುಟದ ತುಂಬ ತಪ್ಪು ಗುರುತುಗಳು. ಕೆಳಗೆ ಅದೇ ಶಾಯಿಯಲ್ಲಿ "ಬರವಣಿಗೆ ಅಂದವಾಗಿದೆ" ಎಂದಿತ್ತು. ಹಿಂದುಮುಂದಿನ ಪುಟ ತಿರುವಿದೆ. ಇಡೀ ಪುಸ್ತಕದಲ್ಲಿ ಅವನಿಗೆ ಸಿಕ್ಕಿದ್ದ ಒಳ್ಳೆಯ ಮಾತು ಅದೊಂದೇ.

ಬೈಯಲು ಉಳಿದಿದ್ದ ಮಾತುಗಳನ್ನು ನುಂಗಿಕೊಂಡು, ಹೊಸ ವೇಳಾಪಟ್ಟಿಯೊಂದನ್ನು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಅದರಲ್ಲಿ ಗೆರೆಗಳಿಗೆಂದೇ 5 ನಿಮಿಷ ಕೊಟ್ಟಿದ್ದೆ. ಅವನು ಅದನ್ನು ಬಹಳ ಹೊತ್ತು ನೋಡಿ, ಸ್ಕೇಲು ಕೈಗೆತ್ತಿಕೊಂಡು ಕೇಳಿದ:

"ಮಿಸ್, ಇದಕ್ಕೆ ಮಾರ್ಜಿನ್ನೇ ಹಾಕಿಲ್ವಲ್ಲಾ?"