ಎಂ.ಕಾಂ. ಮಾಡಿದರೆ ಸಿ.ಎ. ಆದ ಹಾಗೇನಾ?

ಡೊಂಬಿವಲಿಯ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಮತ್ತೆ ಅದೇ ಸಂದೇಶ ಬಂದಿದೆ: “ಯುಜಿಸಿ ಆದೇಶ! ಎಂ.ಕಾಂ. ಮತ್ತು ಸಿ.ಎ. ಸಮಾನ. ಇನ್ನು ಎಂ.ಕಾಂ. ಆದವರೂ ಆಡಿಟ್‌ಗೆ ಸಹಿ ಹಾಕಬಹುದು.”

ಪೂರ್ತಿ ಸುಳ್ಳಲ್ಲ, ತಿರುಗಿಸಿದ ಸತ್ಯ. 2021ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹೇಳಿದ್ದು ಸಿ.ಎ. (ಚಾರ್ಟರ್ಡ್ ಅಕೌಂಟೆಂಟ್) ಅರ್ಹತೆಯನ್ನು ಸ್ನಾತಕೋತ್ತರ ಪದವಿಗೆ ಸಮ ಅಂತ ನೋಡಬಹುದು ಎಂದು. ಅದರಿಂದ ಸಿ.ಎ. ಆದವರು ಪ್ರತ್ಯೇಕ ಎಂ.ಕಾಂ. ಇಲ್ಲದೆ ಕಾಲೇಜು ಅಧ್ಯಾಪಕರ ಅರ್ಹತೆಯ ನೆಟ್ ಪರೀಕ್ಷೆ ಬರೆಯಬಹುದು. ಅದನ್ನೇ ಉಲ್ಟಾ ಓದಿದರೆ ಹೇಗೆ? ಮಾವು ಹಣ್ಣು ನಿಜ, ಹಾಗಂತ ಹಣ್ಣೆಲ್ಲ ಮಾವಲ್ಲ, ಅಲ್ವಾ?

ಸಹಿಯ ವಿಷಯ ಯುಜಿಸಿ ಕೈಯಲ್ಲೇ ಇಲ್ಲ. ಕಂಪನಿಯ ಆಡಿಟರ್ ಆಗಲು ಚಾರ್ಟರ್ಡ್ ಅಕೌಂಟೆಂಟ್ ಆಗಿರಲೇಬೇಕು ಅಂತ 2013ರ ಕಂಪನಿ ಕಾಯ್ದೆಯ 141ನೇ ಕಲಮು ಹೇಳುತ್ತದೆ. ಸಿ.ಎ. ಸದಸ್ಯತ್ವ, ಪ್ರಾಕ್ಟೀಸಿನ ಸರ್ಟಿಫಿಕೇಟು ಕೊಡುವುದು ಸಿ.ಎ.ಗಳ ಸಂಸ್ಥೆಯಾದ ಐಸಿಎಐ. ವಿಶ್ವವಿದ್ಯಾಲಯ ಅಲ್ಲ.

ಹಾಗಾದರೆ ಎಂ.ಕಾಂ. ಸುಮ್ನೆ ದಂಡವೇ? ಖಂಡಿತ ಅಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು ಮುಂಬಯಿ ಕನ್ನಡಿಗರಲ್ಲಿ ಜಾಸ್ತಿ. ಅವರ ಮಕ್ಕಳಿಗೆ ತಾವೇ ಕಾಲೇಜಿನಲ್ಲಿ ಅಧ್ಯಾಪಕರಾಗಲು, ಕಂಪನಿಯ ಲೆಕ್ಕ ವಿಭಾಗದಲ್ಲಿ ಮೇಲೇರಲು ಈ ಪದವಿ ಬೇಕೇ ಬೇಕು ಅನ್ನಿಸಬಹುದು. ಸಿ.ಎ.ಯೇ ಆಗಬೇಕು ಅಂದರೆ ದಾರಿ ಬೇರೆ: ವಾಣಿಜ್ಯ ಪದವಿಯಲ್ಲಿ 55% ಅಂಕ ಇದ್ದವರು ಮೊದಲ ಹಂತದ ಫೌಂಡೇಶನ್ ಪರೀಕ್ಷೆ ಬರೆಯದೆ ನೇರ ಸಿ.ಎ. ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಅದಕ್ಕೆ ಬಿ.ಕಾಂ. ಸಾಕು. ಮುಂದೆ ಇಂಟರ್, ಆರ್ಟಿಕಲ್‌ಶಿಪ್ (ಸಿ.ಎ. ಕೈಕೆಳಗೆ ಕೆಲಸದ ತರಬೇತಿ), ಫೈನಲ್ ಯಾರಿಗೂ ತಪ್ಪಿದ್ದಲ್ಲ. 2023ರ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಗುಂಪಿಗೆ ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ.