ಸಿಮೆಂಟ್ ನೇಕಾರನ ಕಾಲು

ಹೋದ ಭಾನುವಾರ ಅಜ್ಜಿಯನ್ನು ಕರೆದುಕೊಂಡು ಒಂದು ಕಲಾಗ್ರಾಮಕ್ಕೆ ಹೋಗಿದ್ದೆ. ಹೆಸರು ಬೇಡ, ಇಂಥವು ಈಗ ಹೆದ್ದಾರಿ ಪಕ್ಕ ಬೇಕಾದಷ್ಟಿವೆ. ಟಿಕೆಟ್, ಪಾರ್ಕಿಂಗ್, ಫೋಟೋ ತೆಗೆಸಿಕೊಳ್ಳೋಕೆ ಒಂದು ಎತ್ತಿಲ್ಲದ ಎತ್ತಿನಗಾಡಿ. ಒಳಗೆ ಸಿಮೆಂಟ್ ಕುಂಬಾರ, ಸಿಮೆಂಟ್ ಕಮ್ಮಾರ, ಬುಟ್ಟಿ ಹೆಣೆಯುವ ಮೇದಾರರು. ಚೆನ್ನಾಗೇ ಮಾಡಿದ್ದಾರೆ, ಸುಳ್ಳು ಹೇಳಬಾರದು. ಕಮ್ಮಾರನ ತೋಳಿನ ನರ ಕೂಡ ಕಾಣುತ್ತೆ.

ಕಂಬಳಿ ನೇಯುವವನ ಮುಂದೆ ಬಂದಾಗ ಅಜ್ಜಿ ನಿಂತುಬಿಟ್ಟಳು. ಅವಳ ತವರು ಚಳ್ಳಕೆರೆ ಕಡೆ. ಮದುವೆಯಾಗುವವರೆಗೂ ಉಣ್ಣೆ ನೂತವಳು. ಸುಮಾರು ಹೊತ್ತು ನೋಡಿ ಕೇಳಿದಳು, "ಇವ್ನು ಕಾಲು ಎಲ್ಲಿ ಇಟ್ಟವ್ನೆ?"

ಆಗ ನಾನೂ ಗಮನಿಸಿದೆ. ಮಹಾಶಯ ಊಟಕ್ಕೆ ಕೂತವನ ಹಾಗೆ ಚಕ್ಕಂಬಕ್ಕಳ ಹಾಕಿ ಮಗ್ಗದ ಮುಂದೆ ಕೂತಿದ್ದಾನೆ! ಕಂಬಳಿ ನೇಯೋದು ಕುಣಿ ಮಗ್ಗದಲ್ಲಿ. ನೆಲದಲ್ಲಿ ಗುಂಡಿ ತೋಡಿರುತ್ತಾರೆ. ನೇಕಾರ ಅಂಚಿನ ಮೇಲೆ ಕೂತು ಕಾಲು ಗುಂಡಿಗೆ ಇಳಿಬಿಟ್ಟು ಕೆಳಗಿನ ಮಣೆ ತುಳಿಯುತ್ತಾನೆ. ತುಳಿದಾಗಲೇ ಹಾಸಿನ ನೂಲು, ಅಂದರೆ ಉದ್ದಕ್ಕೆ ಎಳೆದು ಕಟ್ಟಿದ ನೂಲು, ಮೇಲೆ ಕೆಳಗೆ ಬಾಯಿ ಬಿಡೋದು, ಅಡ್ಡ ನೂಲಿನ ಲಾಳಿ ಆ ಕಡೆಯಿಂದ ಈ ಕಡೆಗೆ ಓಡೋದು. ಕಾಲು ಮಡಚಿ ಕೂತರೆ ಒಂದು ಎಳೆಯೂ ಸೇರೋದಿಲ್ಲ.

ಪಕ್ಕದ ಅಂಗಡಿಯಲ್ಲಿ "ನಾಟಿ ಕಂಬಳಿ" ಅಂತ ಬೋರ್ಡ್. ಅಜ್ಜಿ ಒಂದನ್ನು ಎತ್ತಿ ಮೂಗಿಗೆ ಹಿಡಿದಳು. ಕುರಿ ವಾಸನೆ ಇಲ್ಲ. ಬೆರಳಲ್ಲಿ ಉಜ್ಜಿದಳು. ಗಂಜಿ ಹಾಕಿಲ್ಲ. ತಿರುಗಿಸಿ ನೋಡಿದರೆ ಮೂಲೆಯಲ್ಲಿ ಪಾಣಿಪತ್ ಅಂತ ಚೀಟಿ, ದೂರದ ಹರಿಯಾಣದ ಮಿಲ್ಲಿನ ಮಾಲು. ಕಂಬಳಿಯಲ್ಲಿ ಊಟ ಮಾಡ್ತಾ ಕೂದಲು ಹುಡುಕಬಾರದು ಅಂತಾರೆ. ಇಲ್ಲಿ ಹುಡುಕಿದರೂ ಕುರಿ ಕೂದಲು ಸಿಗಲಿಲ್ಲ.

ಗಂಜಿ ಅಂದರೆ ಹುಣಸೆ ಬೀಜದ್ದು. ಬೀಜ ಹುರಿದು, ಸಿಪ್ಪೆ ಬಿಡಿಸಿ, ಅರೆದು, ಅಂಟು ಬರೋವರೆಗೆ ಕುದಿಸಬೇಕು. ಬೀದಿಯುದ್ದಕ್ಕೂ ಹಾಸು ಎಳೆದು ಕಟ್ಟಿ, ಅದಕ್ಕೆ ಈ ಗಂಜಿ ಬಳಿದು ಒಣಗಿಸುತ್ತಾರೆ. ನಮ್ಮ ಕರಿ ಕುರಿಯ ಉಣ್ಣೆ ಒರಟು, ಎಳೆಯ ತುಂಬಾ ಕೂದಲು. ಗಂಜಿ ಇಲ್ಲದಿದ್ದರೆ ಮಗ್ಗದಲ್ಲಿ ಒಂದಕ್ಕೊಂದು ಉಜ್ಜಿ ಹರಿಯುತ್ತೆ. ಹೀಗೆ ನೇಯ್ದ ಕಂಬಳಿ ಮೊದಲು ತಗಡಿನ ಹಾಗೆ ಬಿರುಸು. ಅದನ್ನೇ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಕುರಿ ಕಾಯ್ತಿದ್ದರು.

ಅಜ್ಜಿ ಹಗ್ಗ ದಾಟಿ ಮಗ್ಗ ಮುಟ್ಟಲು ಹೋದಳು. ಕಾವಲಿನ ಹುಡುಗ ಓಡಿ ಬಂದ. "ಮುಟ್ಟಬಾರದು ಅಜ್ಜಿ." "ಯಾವೂರಪ್ಪ ನಿಂದು?" ಅಂದಳು. ಅವನೂ ಚಳ್ಳಕೆರೆ ಕಡೆಯವನೇ. ತಾತನ ಕಾಲದ ಮಗ್ಗ ಮನೆಯಲ್ಲಿತ್ತಂತೆ, ಗುಂಡಿ ಮುಚ್ಚಿ ಟೈಲ್ಸ್ ಹಾಕಿದ್ದಾರಂತೆ. "ಬೊಂಬೆ ಕಾಯೋಕೆ ತಿಂಗಳ ಸಂಬಳ ಐತಜ್ಜಿ" ಅಂದು ನಕ್ಕ. ನನಗೆ ನಗು ಬರಲಿಲ್ಲ.

ನನ್ನ ತಕರಾರು ಇಷ್ಟೇ. ಸಿಮೆಂಟಿಗೆ, ಬಣ್ಣಕ್ಕೆ, ಕಾವಲಿಗೆ ದುಡ್ಡಿದೆ. ಒಂದು ಗುಂಡಿ ತೋಡಿ, ಒಬ್ಬ ನೇಕಾರನಿಗೆ ಸರಿಯಾದ ದಿನಗೂಲಿ ಕೊಟ್ಟು, ಅವನು ನೇಯ್ದಿದ್ದನ್ನು ಅಲ್ಲೇ ಮಾರೋಕೆ ಯಾಕೆ ಇಲ್ಲ? ಗೆಳೆಯನೊಬ್ಬ "ಮನುಷ್ಯರನ್ನು ಪ್ರದರ್ಶನಕ್ಕೆ ಕೂರಿಸೋದು ತಪ್ಪಲ್ವಾ?" ಅಂದ. ಅವನ ಮಾತೂ ಸರಿ. ಆದರೆ ಅಂಗಡಿಯಲ್ಲಿ ಕೂತ ಟೈಲರ್‌ನನ್ನು ನಾವು ಪ್ರದರ್ಶನ ಅನ್ನಲ್ಲ. ಕೆಲಸ ಮಾಡ್ತಿದ್ದಾನೆ ಅಂತೀವಿ.

ಚಳ್ಳಕೆರೆ ಪಕ್ಕದ ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ 2011ರಲ್ಲಿ ಜಿಐ, ಅಂದರೆ ಇದು ಇದೇ ಊರಿನದ್ದು ಅನ್ನೋ ಕಾನೂನಿನ ಗುರುತು, ಸಿಕ್ಕಿತು. ರೇಷ್ಮೆಗೆ ಮದುವೆ ಗಿರಾಕಿಗಳಾದರೂ ಇದ್ದಾರೆ. ಕಂಬಳಿ ಯಾರಿಗೆ ಬೇಕು? ಕುರಿಗಾರರೂ ಮಾಂಸಕ್ಕೆ ಬೆಲೆ ಜಾಸ್ತಿ ಅಂತ ಉಣ್ಣೆ ಕಮ್ಮಿ ಇರೋ ಕುರಿ ಸಾಕ್ತಿದ್ದಾರೆ, ಅವರನ್ನು ಬೈಯೋಕಾಗಲ್ಲ. ನಾನೇನು ಸಾಚಾ ಅಲ್ಲ. ನನ್ನ ಮದುವೆಯಲ್ಲಿ ಹಸೆಗೆ ಹಾಸೋಕೆ ಕರಿ ಕಂಬಳಿ ಬೇಕು ಅಂದಾಗ ಪಕ್ಕದ ಮನೆಯಿಂದ ತಂದಿದ್ದೆವು. ಅದನ್ನೂ ಮೂರು ತಿಂಗಳು ವಾಪಸ್ ಕೊಟ್ಟಿರಲಿಲ್ಲ.

ಬರೋ ಭಾನುವಾರ ಚಳ್ಳಕೆರೆಗೆ ಹೋಗ್ತಿದ್ದೀನಿ, ನೇಯುವವರ ಮನೆಗೇ. ಕಾರಲ್ಲಿ ಎರಡು ಸೀಟ್ ಖಾಲಿ ಇದೆ, ಬರೋರು ಹೇಳಿ. ಮುಂದಿನ ಸೀಟ್ ಮಾತ್ರ ಕೇಳಬೇಡಿ, ಅಜ್ಜಿ ಈಗಲೇ ಹಿಡಿದಿಟ್ಟಿದ್ದಾಳೆ.