ಬೀಗ ಹಾಕಿದ್ಯೇನೋ ಅಂದರು ಅಪ್ಪ

ಮೊನ್ನೆ ಶನಿವಾರ ಡಾಲಸ್‌ನಿಂದ ಡೆನ್ವರ್‌ಗೆ ಹೊರಡುವ ಮೊದಲು ಊರಿಗೆ ವಿಡಿಯೋ ಕಾಲ್ ಮಾಡಿದ್ದೆ. ನನ್ನ ಹಿಂದೆ ಗೋಡೆಗೆ ಒರಗಿಸಿಟ್ಟಿದ್ದ ಆರಡಿ ಉದ್ದದ ಕಪ್ಪು ಚೀಲ ಅಪ್ಪನ ಕಣ್ಣಿಗೆ ಬಿತ್ತು. "ಅದೇನೋ ಅದು, ತಂಬೂರಿನಾ?" ಅಂದರು. ಸ್ಕೀ ಅಪ್ಪ, ಹಿಮದ ಮೇಲೆ ಕಾಲಿಗೆ ಕಟ್ಟಿಕೊಂಡು ಜಾರೋದು ಅಂದೆ. ಎಷ್ಟು ದುಡ್ಡು ಅಂತ ಕೇಳಿದರು. ಹೇಳಿದೆ, ಸ್ವಲ್ಪ ಕಡಿಮೆ ಮಾಡಿಯೇ ಹೇಳಿದೆ. ಒಂದು ನಿಮಿಷ ಸುಮ್ಮನಿದ್ದು, "ಬೀಗ ಹಾಕಿದ್ಯೇನೋ?" ಅಂದರು. ಇಲ್ಲ ಅಂದೆ. ಅಲ್ಲಿಗೆ ಮುಗೀತು, ಹತ್ತು ನಿಮಿಷ ಬೈಸಿಕೊಂಡೆ.

ಅವರನ್ನು ಅನ್ನುವ ಹಾಗೂ ಇಲ್ಲ. ನಾವು ತಿಪಟೂರಿನವರು. ರೈಲಿನಲ್ಲಿ ದೂರ ಹೋಗಬೇಕು ಅಂದರೆ ತಗಡಿನ ಟ್ರಂಕು, ಮೇಲೆ ಬಿಳಿ ಪೇಂಟಿನಲ್ಲಿ ಹೆಸರು, ಊರು. ಸೀಟಿನ ಕೆಳಗೆ ಒಂದು ಕಬ್ಬಿಣದ ಬಳೆ ಇರುತ್ತದೆ, ಅದಕ್ಕೆ ಸರಪಳಿ ಹಾಕಿ ಬೀಗ ಜಡಿದು, ಕೀ ಜನಿವಾರಕ್ಕೆ ಕಟ್ಟಿಕೊಂಡರೆ ಆಮೇಲೆ ನಿದ್ದೆ. ಪಾರ್ಸೆಲ್ ಆದರೆ ಮೇಲೆ ಬಟ್ಟೆ ಸುತ್ತಿ ದಬ್ಬಣದಲ್ಲಿ ಹೊಲಿಗೆ. ಇದೆಲ್ಲ ಯಾಕೆ ಅಂದರೆ ನಮ್ಮಲ್ಲಿ ಸಾಮಾನು ಅಂದರೆ ಮೊದಲು ಬರುವ ಭಯ ಕಳ್ಳತನದ್ದು. ಒಡೆದು ಹೋದೀತು ಅನ್ನುವುದು ಆಮೇಲಿನ ಮಾತು. ನಾನೂ ಅದೇ ಬುದ್ಧಿ ಹೊತ್ತುಕೊಂಡೇ ಅಮೆರಿಕಕ್ಕೆ ಬಂದವನು.

ಆರೇಳು ವರ್ಷದ ಹಿಂದೆ ಮೊದಲ ಸಲ ಸ್ವಂತ ಸ್ಕೀ ತಗೊಂಡೆ, ಸೆಕೆಂಡ್ ಹ್ಯಾಂಡು. ಜೊತೆಗೆ ಒಂದು ಉದ್ದನೆ ಚೀಲ. ಹೊರಡುವ ಹಿಂದಿನ ರಾತ್ರಿ ಬಟ್ಟೆ ಒಣಹಾಕುವ ನೈಲಾನ್ ಹಗ್ಗ ತಂದು ಚೀಲದ ಸುತ್ತ ಆರು ಸುತ್ತು ಬಿಗಿದೆ, ಪ್ರತಿ ಸುತ್ತಿಗೂ ಒಂದು ಕಗ್ಗಂಟು. ಜಿಪ್ಪಿಗೆ ಹಿತ್ತಾಳೆ ಬೀಗ, ಊರಿಂದ ತಂದದ್ದು. ಚೀಲದ ಒಳಗೆ ಮಾತ್ರ ಸ್ಕೀ ಎರಡೂ ಸುಮ್ನೆ ಬಿದ್ದಿದ್ದವು, ಕೈಯಲ್ಲಿ ಹಿಡಿಯುವ ಕೋಲು, ಅಂದರೆ ಪೋಲುಗಳು ಎಲ್ಲೋ, ಬೂಟು ಎಲ್ಲೋ. ಹೊರಗೆ ಕೋಟೆ, ಒಳಗೆ ಸಂತೆ.

ಇಳಿದ ಮೇಲೆ ಮಾಮೂಲಿ ಬೆಲ್ಟಿನಲ್ಲಿ ಅರ್ಧ ಗಂಟೆ ಕಾದೆ. ಸ್ಕೀ ಅಲ್ಲಿ ಬರುವುದೇ ಇಲ್ಲವಂತೆ, ಉದ್ದದ ಸಾಮಾನಿಗೆ ಬೇರೆ ಜಾಗ ಅಂತ ಯಾರೋ ಪುಣ್ಯಾತ್ಮರು ಹೇಳಿದರು. ಹೋಗಿ ನೋಡಿದರೆ ಹಗ್ಗ ಕತ್ತರಿಸಿ ಹೋಗಿದೆ, ಬೀಗ ಇಲ್ಲವೇ ಇಲ್ಲ, ಜಿಪ್ಪು ಮುಕ್ಕಾಲು ಮುಚ್ಚಿದೆ. ಒಳಗೆ ಒಂದು ಚೀಟಿ, ನಿಮ್ಮ ಬ್ಯಾಗ್ ತೆಗೆದು ತಪಾಸಣೆ ಮಾಡಿದ್ದೇವೆ ಅಂತ. ಒಂದು ಗ್ಲೌಸು ಎಲ್ಲೋ ಉದುರಿ ಹೋಗಿತ್ತು. ತಪ್ಪು ಅವರದ್ದಲ್ಲ, ನನ್ನದೇ. ಇಲ್ಲಿ 2001ರ ಸೆಪ್ಟೆಂಬರ್ ದಾಳಿ ಆದಮೇಲೆ ಕಾನೂನು ಬಂತು, 2002ರ ಕೊನೆಯ ಹೊತ್ತಿಗೆ ವಿಮಾನದ ಹೊಟ್ಟೆಗೆ ಹೋಗುವ ಪ್ರತಿ ಬ್ಯಾಗನ್ನೂ ಪರೀಕ್ಷೆ ಮಾಡಬೇಕು ಅಂತ. ಅನುಮಾನ ಬಂದರೆ ತೆಗೆಯುತ್ತಾರೆ, ನೀವು ಎದುರಿಗೆ ಇರುವುದಿಲ್ಲ. ಬೀಗ ಅಡ್ಡ ಬಂದರೆ ಕತ್ತರಿ.

ಇಲ್ಲೇ ನೋಡಿ ಎರಡು ಊರಿನ ವ್ಯತ್ಯಾಸ. ಒಮ್ಮೆ ಊರಿಂದ ವಾಪಸ್ ಬರುವಾಗ ನನ್ನ ಪೆಟ್ಟಿಗೆಯನ್ನೂ ತೆಗೆಸಿದ್ದರು, ಆದರೆ ನನ್ನನ್ನು ಕರೆದು, ನನ್ನ ಕೈಯಲ್ಲೇ ಬೀಗ ತೆಗೆಸಿ. ಕಾರಣ ಕೊಬ್ಬರಿ. ತಿಪಟೂರಿನವನ ಪೆಟ್ಟಿಗೆಯಲ್ಲಿ ಕೊಬ್ಬರಿ ಇಲ್ಲದೆ ಇನ್ನೇನಿರುತ್ತೆ? ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬಿಸಿ ಏರಿದರೆ ತಾನಾಗಿ ಹೊತ್ತಿಕೊಳ್ಳಬಹುದು ಅಂತ ವಿಮಾನದವರು ಅದನ್ನು ಅಪಾಯದ ಸಾಮಾನಿನ ಪಟ್ಟಿಗೆ ಸೇರಿಸಿದ್ದಾರೆ. ಅಮ್ಮನಿಗೆ ಇದನ್ನು ಹೇಳಿದರೆ ಇವತ್ತಿಗೂ ನಂಬುವುದಿಲ್ಲ. ಇರಲಿ, ನಾನು ಹೇಳಹೊರಟಿದ್ದು ಬೇರೆ. ಕೀ ಇರುವವನನ್ನು ಕರೆಯುವ ಕಡೆ ಬೀಗಕ್ಕೆ ಒಂದು ಅರ್ಥ ಇದೆ. ಕರೆಯದ ಕಡೆ ಅದು ಬರೀ ಒಂದು ಅಡ್ಡಿ.

ಅದಕ್ಕೇ ಟಿಎಸ್‌ಎ ಬೀಗ ಅಂತ ಬಂದಿದೆಯಲ್ಲ ಅನ್ನುತ್ತೀರಿ. ಟಿಎಸ್‌ಎ ಅಂದರೆ ಇಲ್ಲಿನ ಏರ್‌ಪೋರ್ಟುಗಳಲ್ಲಿ ತಪಾಸಣೆ ಮಾಡುವ ಸರ್ಕಾರಿ ಇಲಾಖೆ. ಕೆಂಪು ವಜ್ರದ ಗುರುತು ಇರುವ ಬೀಗ, ತಪಾಸಣೆಯವರ ಹತ್ತಿರ ಅದಕ್ಕೆ ಮಾಸ್ಟರ್ ಕೀ ಇರುತ್ತದೆ. ಸರಿ, ಆದರೆ ಆ ಮಾಸ್ಟರ್ ಕೀಗಳ ಗೊಂಚಲಿನ ಫೋಟೋವನ್ನು 2014ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಒಂದು ವರದಿಯ ಜೊತೆ ಹಾಕಿಬಿಟ್ಟಿತು. 2015ರಲ್ಲಿ ಜನ ಆ ಫೋಟೋ ನೋಡಿಯೇ ತ್ರೀಡಿ ಪ್ರಿಂಟರಿನಲ್ಲಿ ಕೀ ಮಾಡಿದರು, ಬೀಗ ತೆಗೆದೂ ತೋರಿಸಿದರು. ಇನ್ನು ಜಿಪ್ಪಿನ ಕಥೆ ಕೇಳಲೇಬೇಡಿ. ಬಾಲ್ ಪೆನ್ನಿನ ಮೊನೆ ಹಲ್ಲುಗಳ ನಡುವೆ ಒತ್ತಿದರೆ ಜಿಪ್ಪು ಬಾಯಿ ಬಿಡುತ್ತದೆ, ಬೀಗ ಹಾಕಿದ ಹಾಗೇ ಇರುತ್ತದೆ. ಆಮೇಲೆ ಆ ಎಳೆಯುವ ತುದಿಯನ್ನು ಒಂದು ಸಲ ಹಿಂದೆ ಮುಂದೆ ಓಡಿಸಿದರೆ ಜಿಪ್ಪು ಮತ್ತೆ ಮುಚ್ಚಿಕೊಳ್ಳುತ್ತದೆ. ನನ್ನ ಮಗಳು ಹಳೇ ಸ್ಕೂಲ್ ಬ್ಯಾಗಿನ ಮೇಲೆ ಮಾಡಿ ತೋರಿಸಿದಳು, ಹತ್ತು ಸೆಕೆಂಡ್ ಹಿಡಿಯಲಿಲ್ಲ.

ಹಾಗಾದರೆ ಇಲ್ಲಿಯವರು ಏನು ಮಾಡುತ್ತಾರೆ? ನಮ್ಮ ಆಫೀಸಿನಲ್ಲಿ ಮಿನೆಸೋಟಾದವನು ಒಬ್ಬ ಇದ್ದಾನೆ, ನಡೆಯೋದಕ್ಕಿಂತ ಮೊದಲು ಸ್ಕೀ ಕಲಿತವನು. ನನ್ನ ಹಗ್ಗದ ಕಥೆ ಕೇಳಿ ನಕ್ಕು, ಮನೆಗೆ ಕರೆದು ಅವನು ಚೀಲ ತುಂಬುವ ರೀತಿ ತೋರಿಸಿದ. ಎರಡು ಸ್ಕೀಗಳನ್ನು ತಳಕ್ಕೆ ತಳ ಸೇರಿಸಿ ನಿಲ್ಲಿಸಿದ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗಿನ ಹಿಂದೆ ಕೆಳಗೆ ಚಾಚಿಕೊಂಡಿರುವ ಬ್ರೇಕುಗಳು ಒಂದಕ್ಕೊಂದು ಸಿಕ್ಕಿಕೊಂಡವು. ನಡುವೆ ಒಂದು ತೆಳು ಬಟ್ಟೆ, ತಳ ತಳ ಉಜ್ಜಬಾರದು ಅಂತ. ಮೂತಿಯ ಹತ್ತಿರ ಒಂದು, ಬಾಲದ ಹತ್ತಿರ ಒಂದು, ರಬ್ಬರಿನಂಥ ಪಟ್ಟಿ ಬಿಗಿದ. ಬಾಲದ ತುದಿಗೆ ದಪ್ಪ ಉಣ್ಣೆ ಕಾಲುಚೀಲ ತೊಡಿಸಿದ, ಅದರ ಮೇಲೆ ಒಂದು ಹಳೇ ಟವೆಲ್. ಬೈಂಡಿಂಗ್ ಸುತ್ತ ಜಾಕೆಟ್ಟು, ಮೂತಿಗೆ ಪ್ಯಾಂಟು. ಪೋಲುಗಳು ಪಕ್ಕಕ್ಕೆ, ಮೊನೆಗೆ ಒಂದೊಂದು ಕಾಲುಚೀಲ. ಆಮೇಲೆ ಚೀಲದ ಒಳಗಿನ ಪಟ್ಟಿ ಎಳೆದು ಇಡೀ ಗಂಟನ್ನು ಅಲುಗಾಡದ ಹಾಗೆ ಮಾಡಿದ. ಚೀಲ ಎತ್ತಿ ಕುಲುಕಿದ, ಸದ್ದೇ ಇಲ್ಲ. ಜಿಪ್ಪು ಎಳೆದ. ಬೀಗ ಹಾಕಲಿಲ್ಲ.

ನನಗೆ ತಕ್ಷಣ ನೆನಪಾಗಿದ್ದು ತಾತನ ಹೋಲ್ಡಾಲ್. ಹಾಸಿಗೆ, ಜಮಖಾನ, ದಿಂಬು, ಅದರ ಮಧ್ಯೆ ಗಾಜಿನ ಬಾಟಲಿ, ಕನ್ನಡಿ, ಏನು ಬೇಕಾದರೂ ಸುತ್ತಿ ಚರ್ಮದ ಬೆಲ್ಟು ಎಳೆದು ಬಿಗಿದರೆ ಮುಗೀತು. ಅದಕ್ಕೂ ಬೀಗ ಇರಲಿಲ್ಲ. ಸ್ಕೀ ಚೀಲ ಟ್ರಂಕಿನ ಜಾತಿ ಅಲ್ಲ, ಹೋಲ್ಡಾಲಿನ ಜಾತಿ. ನಾನು ಅದನ್ನು ಟ್ರಂಕು ಅಂದುಕೊಂಡು ಕೆಟ್ಟೆ.

ಬಾಲದ ತುದಿಗೆ ಅಷ್ಟು ಉಪಚಾರ ಯಾಕೆ ಅಂತ ಆಗ ಗೊತ್ತಾಗಲಿಲ್ಲ, ಎರಡು ವರ್ಷ ಬಿಟ್ಟು ಗೊತ್ತಾಯಿತು. ಕೆನಡಾದ ವಿಸ್ಲರ್‌ಗೆ ಸ್ಕೀ ಮಾಡಲು ಹೋಗುವಾಗ ಅವಸರದಲ್ಲಿ ಟವೆಲ್ ಬಿಟ್ಟಿದ್ದೆ. ವ್ಯಾಂಕೂವರ್‌ನಲ್ಲಿ ಚೀಲ ಕೈಗೆ ಬಂದಾಗ ತುದಿಯಲ್ಲಿ ಎರಡು ಸ್ಕೀ ಬಾಲಗಳು ಬಿಲದಿಂದ ಹೆಗ್ಗಣ ಇಣುಕಿದ ಹಾಗೆ ಹೊರಗೆ ಬಂದಿದ್ದವು. ಸ್ಕೀ ಅಂಚಿಗೆ ಉಕ್ಕಿನ ಪಟ್ಟಿ ಇರುತ್ತದೆ, ಹಿಮಗಡ್ಡೆಯ ಮೇಲೆ ಹಿಡಿತ ಸಿಗಲಿ ಅಂತ ಅದನ್ನು ಚಾಕುವಿನ ಹಾಗೆ ಮಸೆದಿರುತ್ತಾರೆ. ಚೀಲವನ್ನು ಯಾರಾದರೂ ಲಂಬವಾಗಿ ನಿಲ್ಲಿಸಿದರೆ ಸಾಕು, ಒಳಗಿನ ಭಾರ ಎಲ್ಲ ಬಾಲದ ಮೇಲೆ, ಬಟ್ಟೆ ಕತ್ತರಿಸಿ ಹೋಗುತ್ತದೆ. ಹೊರಗಿನ ಹಗ್ಗ ಇದನ್ನು ತಡೆಯುತ್ತದಾ? ಇಲ್ಲ. ಅಷ್ಟೇ ಅಲ್ಲ, ನೇತಾಡುವ ಹಗ್ಗ, ಪಟ್ಟಿ ಏನಿದ್ದರೂ ಏರ್‌ಪೋರ್ಟಿನ ಬೆಲ್ಟಿಗೆ ಸಿಕ್ಕಿಕೊಳ್ಳುತ್ತದೆ, ಎಳೆದರೆ ಚೀಲದ ಗಾಲಿಯೋ ಹಿಡಿಯೋ ಕಿತ್ತು ಬರುತ್ತದೆ. ಅಂದಹಾಗೆ ಈ ಡೆನ್ವರ್ ಏರ್‌ಪೋರ್ಟ್ 1995ರಲ್ಲಿ ತೆರೆದಿದ್ದೇ 16 ತಿಂಗಳು ತಡವಾಗಿ, ಮುಖ್ಯ ಕಾರಣ ಲಗೇಜ್ ಸಾಗಿಸುವ ಹೊಸ ಯಂತ್ರ. ಪತ್ರಕರ್ತರನ್ನು ಕರೆದು ತೋರಿಸುವಾಗಲೇ ಅದು ಸೂಟ್‌ಕೇಸುಗಳನ್ನು ಜಗಿದು ಬಟ್ಟೆ ಎಲ್ಲ ಚೆಲ್ಲಾಡಿತ್ತು. 2005ರಲ್ಲಿ ಅದನ್ನು ಪೂರ್ತಿ ಬಿಟ್ಟೇಬಿಟ್ಟರು. ಯಂತ್ರದ ಮುಂದೆ ಬೀಗ ಹಾಕಿದವನೂ ಒಂದೇ, ಹಾಕದವನೂ ಒಂದೇ.

ಆ ಹರಿದ ಚೀಲಕ್ಕೆ ದುಡ್ಡು ಬಂತು, ಅದೂ ನನ್ನ ಜಾಣತನದಿಂದ ಅಲ್ಲ. ಹೋಟೆಲಿಗೆ ಹೋಗಿ ನೋಡೋಣ ಅಂತ ಹೊರಟವನನ್ನು ಹೆಂಡತಿ ಎಳೆದು ತಂದು ಕೌಂಟರಿನಲ್ಲಿ ನಿಲ್ಲಿಸಿ ದೂರು ಬರೆಸಿದಳು. ದೇಶದಿಂದ ದೇಶಕ್ಕೆ ಹೋಗುವ ವಿಮಾನಕ್ಕೆ ಮಾಂಟ್ರಿಯಲ್ ಒಪ್ಪಂದ ಅಂತ ಇದೆ, 1999ರದ್ದು, ಭಾರತವೂ ಸೇರಿದೆ. ಅದರ ಪ್ರಕಾರ ಸಾಮಾನು ಹಾಳಾಗಿದ್ದರೆ ಕೈಗೆ ಬಂದ 7 ದಿನದೊಳಗೆ ಬರೆದು ಕೊಡಬೇಕು. ತಡವಾಗಿ ಬಂದಿದ್ದರೆ 21 ದಿನ. ಪರಿಹಾರಕ್ಕೂ ಒಂದು ಮಿತಿ ಇದೆ, ಸುಮಾರು 2,000 ಡಾಲರ್. ಒಳ್ಳೆ ಸ್ಕೀ, ಬೈಂಡಿಂಗ್, ಬೂಟು, ಜಾಕೆಟ್ಟು ಎಲ್ಲ ಸೇರಿಸಿದರೆ ಅದನ್ನು ದಾಟುವುದು ಏನೂ ಕಷ್ಟ ಇಲ್ಲ. ಅದಕ್ಕೇ ಈಗ ಜಿಪ್ಪು ಎಳೆಯುವ ಮೊದಲು ಒಳಗಿನದ್ದೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆಯುತ್ತೇನೆ. ಬೀಗಕ್ಕಿಂತ ಆ ಫೋಟೋ ನಂಬಿಕಸ್ಥ.

ಬೂಟು ಮಾತ್ರ ಈಗ ವಿಮಾನದ ಹೊಟ್ಟೆಗೆ ಹಾಕುವುದಿಲ್ಲ, ಬೆನ್ನಿನ ಚೀಲದಲ್ಲಿ ನನ್ನ ಜೊತೆಗೇ ಬರುತ್ತದೆ. ಸ್ಕೀ ಕಳೆದುಹೋದರೆ ಬೆಟ್ಟದ ಬುಡದಲ್ಲಿ ಹತ್ತು ಅಂಗಡಿಗಳಲ್ಲಿ ಬಾಡಿಗೆಗೆ ಸಿಗುತ್ತದೆ. ಕಾಲಿಗೆ ಕೂತ ಬೂಟು ಸಿಗುವುದಿಲ್ಲ. ಬಾಡಿಗೆ ಬೂಟಿನಲ್ಲಿ ಮೂರು ದಿನ ಜಾರಿ ಹೆಬ್ಬೆರಳಿನ ಉಗುರು ಕಪ್ಪಾಗಿ ಉದುರಿದವನು ನಾನು, ಅನುಭವದ ಮಾತು. ಬ್ಯಾಟರಿಯಿಂದ ಬಿಸಿಯಾಗುವ ಕಾಲುಚೀಲ ಇದ್ದರೆ ಅದರ ಬಿಡಿ ಬ್ಯಾಟರಿಗಳೂ ಕೈ ಚೀಲಕ್ಕೇ, ಲಿಥಿಯಂ ಬ್ಯಾಟರಿ ಬಿಡಿಯಾಗಿ ವಿಮಾನದ ಹೊಟ್ಟೆಗೆ ಹೋಗುವ ಹಾಗಿಲ್ಲ. ಪೋಲು ಮಾತ್ರ ಉಲ್ಟಾ, ಕೈಯಲ್ಲಿ ಹಿಡಿದು ವಿಮಾನ ಹತ್ತಲು ಬಿಡುವುದಿಲ್ಲ.

ಇಷ್ಟೆಲ್ಲ ಹೇಳಿದೆ ಅಂತ ಇಲ್ಲಿಯವರದ್ದೇ ಸರಿ, ನಮ್ಮದು ದಡ್ಡತನ ಅಂತ ಅಲ್ಲ. ಒಂದು ವಿಷಯದಲ್ಲಿ ಇವರು ಶುದ್ಧ ಪೆದ್ದರು. ಎಲ್ಲರ ಚೀಲವೂ ಕಪ್ಪು. ಅದೇ ಎರಡು ಮೂರು ಕಂಪನಿ, ಅದೇ ಉದ್ದ, ಅದೇ ಗಾಲಿ. ಒಂದು ಭಾನುವಾರ ನನ್ನ ಚೀಲವನ್ನು ಯಾರೋ ತಮ್ಮದು ಅಂತ ಎತ್ತಿಕೊಂಡು ಹೋಗಿ, ಮನೆಯಲ್ಲಿ ತೆಗೆದು, ಒಳಗೆ ಚಕ್ಲಿ ಪುಡಿ ಉದುರಿದ್ದು ನೋಡಿ ಗಾಬರಿಯಾಗಿ ಫೋನ್ ಮಾಡಿದರು. ಒಳಗೆ ಹೆಸರು, ನಂಬರ್ ಬರೆದ ಕಾಗದ ಇತ್ತು, ಬಚಾವ್. ಆ ಕಾಗದ ಅಮ್ಮ ಕಲಿಸಿದ್ದು, ಪೆಟ್ಟಿಗೆ ಮೇಲಿನ ಚೀಟಿ ಕಿತ್ತುಹೋದರೂ ಒಳಗೊಂದು ಇರಬೇಕು ಅಂತ. ತಗಡಿನ ಟ್ರಂಕಿನ ಮೇಲೆ ಬಿಳಿ ಪೇಂಟಿನಲ್ಲಿ ಹೆಸರು ಬರೆಯುತ್ತಿದ್ದ ನಮ್ಮ ಜನಕ್ಕೆ ಈ ಬುದ್ಧಿ ಮೊದಲಿಂದಲೂ ಇತ್ತಲ್ವಾ? ಈಗ ಏರ್‌ಟ್ಯಾಗ್ ಇದೆ ಅನ್ನುತ್ತಾರೆ, ನಾನೂ ಒಂದು ಹಾಕಿದ್ದೇನೆ. ಚೀಲ ಎಲ್ಲಿದೆ ಅಂತ ಅದು ಹೇಳುತ್ತದೆ, ಇದು ನಿನ್ನದಲ್ಲ ಮಾರಾಯ ಅಂತ ಎತ್ತಿಕೊಳ್ಳುವವನಿಗೆ ಹೇಳುವುದಿಲ್ಲ. ಅದಕ್ಕೆ ಆಮೇಲಿಂದ ಹಿಡಿಗೆ ಅಮ್ಮನ ಹಳೇ ಸೀರೆಯ ಅಂಚು ಕಟ್ಟಿದ್ದೇನೆ, ಗಿಳಿಹಸಿರು, ಗೇಣುದ್ದ, ಬೆಲ್ಟಿಗೆ ಸಿಕ್ಕದ ಹಾಗೆ ಬಿಗಿಯಾಗಿ.

ಇನ್ನೂ ಬುದ್ಧಿವಂತರು ಜಪಾನಿನವರು. ಅಲ್ಲಿ ಸ್ಕೀ ಹೊತ್ತುಕೊಂಡು ಅಲೆಯುವ ಕೆಲಸವೇ ಬೇಡ, ಯಮಾಟೋ ಕಂಪನಿಯವರು 1983ರಿಂದ ಸ್ಕೀಯನ್ನು ಮನೆಯಿಂದ ಬೆಟ್ಟದ ಹೋಟೆಲಿಗೆ ತಲುಪಿಸುವ ವ್ಯವಸ್ಥೆ ಮಾಡಿದ್ದಾರೆ. ಕೇಳಿದಾಗ ನನಗೆ ಸರ್ಕಾರಿ ಬಸ್ಸಿನ ಡ್ರೈವರ್ ಕೈಗೆ ಬುತ್ತಿ ಕೊಟ್ಟು ಬೆಂಗಳೂರಿಗೆ ಕಳಿಸುತ್ತಿದ್ದದ್ದು ನೆನಪಾಯಿತು. ಅದಕ್ಕೂ ಬೀಗ ಇರಲಿಲ್ಲ, ತಲುಪದೆ ಇದ್ದದ್ದೂ ಇಲ್ಲ. ಇನ್ನು ವರ್ಷಕ್ಕೆ ನಾಲ್ಕು ದಿನ ಹೋಗುವವರು, ಅದೂ ಹಿಮ ಬೀಳುವುದೇ ಅಪರೂಪವಾದ ಡಾಲಸ್ಸಿನಂಥ ಊರಿನವರು, ಸ್ವಂತ ಸ್ಕೀ ಯಾಕೆ ಇಟ್ಟುಕೊಳ್ಳಬೇಕು ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಚಟ.

ವಾಪಸ್ ಬರುವಾಗ ಒಂದು ಕೆಲಸ ಮರೆಯಬೇಡಿ. ಚೀಲಕ್ಕೆ ಹಾಕುವ ಮೊದಲು ಸ್ಕೀ ಅಂಚನ್ನು ಒಣ ಬಟ್ಟೆಯಲ್ಲಿ ಒರೆಸಿ. ಒದ್ದೆ ಚೀಲದಲ್ಲಿ ಎರಡು ದಿನ ಬಿದ್ದರೆ ಉಕ್ಕು ಕೆಂಪಗೆ ತುಕ್ಕು ಹಿಡಿಯುತ್ತದೆ, ಆಮೇಲೆ ಉಜ್ಜುತ್ತಾ ಕೂರಬೇಕು.

ಶನಿವಾರ ಡೆನ್ವರ್‌ನಲ್ಲಿ ಇಳಿದು ನಿಂತಿದ್ದೆ. ಒಂದರ ಹಿಂದೆ ಒಂದು ಹನ್ನೆರಡು ಕಪ್ಪು ಚೀಲ ಬಂದವು. ಹದಿಮೂರನೆಯದರ ಹಿಡಿಯಲ್ಲಿ ಗಿಳಿಹಸಿರು. ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ, ಬೀಗ ಇಲ್ಲದೇನೇ ಬಂತು ನೋಡಿ ಅಂತ. ಅಪ್ಪ ಏನೂ ಅನ್ನಲಿಲ್ಲ. ಅಮ್ಮ ಮಾತ್ರ ವಾಯ್ಸ್ ಮೆಸೇಜ್ ಹಾಕಿದರು, "ಅದು ನನ್ನ ಸೀರೆ ಕಣೋ, ನಿನ್ನ ನಾಮಕರಣಕ್ಕೆ ಉಟ್ಟಿದ್ದು, ಯಾರು ಹರಿ ಅಂದಿದ್ದು?" ಈಗ ಮಿನೆಸೋಟಾದವನೂ ತನಗೊಂದು ತುಂಡು ಬೇಕು ಅಂತಿದ್ದಾನೆ. ಹೇಗೆ ಕೇಳೋದೋ ಗೊತ್ತಿಲ್ಲ.